ಹಸಿರು ಚುಕ್ಕಿಯ ಬೈಂಡಿಂಗು

ಓದಿದವರೆಲ್ಲ ಬುದ್ಧಿವಂತರಲ್ಲ ಎಂಬುದು ಲೋಕಕ್ಕೇ ಗೊತ್ತಿರುವ ಸಂಗತಿ. ಆದರೆ ಒಂದು ಪುಸ್ತಕವನ್ನೂ ಓದದೆ, ಬರೀ ಪುಸ್ತಕ ಹೊತ್ತು ಮೆಟ್ಟಿಲು ಹತ್ತಿಯೇ ಮಹಾಪಂಡಿತರೆನಿಸಿಕೊಂಡವರು ಯಾರಾದರೂ ಇದ್ದರೆ ಅವರು ಆ ಹಳೇ ಕಟ್ಟಡದ ಎರಡನೆಯ ಮಹಡಿಯಲ್ಲಿದ್ದ ಬೈಂಡರೊಬ್ಬರೇ.

ಹಾಗೆಂದು ಅವರಿಗೆ ಅಕ್ಷರ ಬಾರದೆಂದಲ್ಲ. ಬಸ್ಸಿನ ಬೋರ್ಡು, ಔಷಧದ ಚೀಟಿ, ಹೆಂಡತಿಯ ಮುಖ ಎಲ್ಲವನ್ನೂ ಸರಾಗವಾಗಿ ಓದಬಲ್ಲವರು. ಪುಸ್ತಕ ಮಾತ್ರ ಓದುತ್ತಿರಲಿಲ್ಲ. ಅದು ವೃತ್ತಿಧರ್ಮ. ಕಸುಬು ಕಲಿಸಿ, ಅದು ಸಾಲದೆಂದು ಮಗಳನ್ನೂ ಕೊಟ್ಟ ಅವರ ಮಾವ ಮೂರು ಸೂತ್ರ ಹೇಳಿಕೊಟ್ಟಿದ್ದರು. ಕತ್ತರಿಸುವಾಗ ಅಂಚು ನೋಡು, ಅಕ್ಷರ ನೋಡಬೇಡ, ಓದಿದವನ ಬೆರಳು ಹೋಗುತ್ತದೆ ಎಂಬುದು ಮೊದಲನೆಯದು. ಹಾಳೆಗಳು ಎಷ್ಟೇ ಏರುಪೇರಾಗಿರಲಿ, ಅತಿ ಚಿಕ್ಕ ಹಾಳೆಯ ಅಳತೆಗೆ ಎಲ್ಲವನ್ನೂ ತಂದು ನಿಲ್ಲಿಸು ಎಂಬುದು ಎರಡನೆಯದು. ಮೂರನೆಯದು ಮಾವನ ಜಿಪುಣತನದಿಂದ ಹುಟ್ಟಿದ್ದು: ಒಂದು ಪುಸ್ತಕದಿಂದ ಕತ್ತರಿಸಿದ ಪಟ್ಟಿ ಆ ಪುಸ್ತಕಕ್ಕೇ ಸೇರಬೇಕು, ಅದರ ಬೆನ್ನೊಳಗೇ ಅಂಟಿಸು, ಬೆನ್ನು ಗಟ್ಟಿಯಾಗುತ್ತದೆ, ಹೊಸ ಕಾಗದವೂ ಉಳಿಯುತ್ತದೆ.

ಮೊದಲ ಸೂತ್ರಕ್ಕೆ ಮಾವನ ಎಡಗೈಯ ತೋರುಬೆರಳೇ ಸಾಕ್ಷಿ. ಯಾವುದೋ ಮದುವೆಯ ಆಮಂತ್ರಣ ಕತ್ತರಿಸುವಾಗ ವಧುವಿನ ಹೆಸರು ಪರಿಚಿತವೆನಿಸಿ ಅರೆಗಳಿಗೆ ಕಣ್ಣು ಹೊರಳಿಸಿದ್ದಕ್ಕೆ ಅದು ಅರ್ಧಕ್ಕೇ ನಿಂತುಹೋಗಿತ್ತು. ಆ ವಧು ಯಾರೆಂದು ಅತ್ತೆ ಕೊನೆಯವರೆಗೂ ಕೇಳಿದರು. ಮಾವ ಬಾಯಿ ಬಿಡಲಿಲ್ಲ.

ಬೈಂಡರಿಗೆ ಕೆಲಸ ಬರುತ್ತಿದ್ದುದು ಹೆಚ್ಚಾಗಿ ವಕೀಲರಿಂದ. ಹರಿದ ಕಾನೂನು ಪುಸ್ತಕಗಳ ಗಂಟು ಹೊತ್ತು ಅವರು ಮೆಟ್ಟಿಲು ಹತ್ತುವುದನ್ನು ಕಟ್ಟಡದ ಹನ್ನೆರಡು ಸಂಸಾರಗಳೂ ಇಪ್ಪತ್ತು ವರ್ಷದಿಂದ ನೋಡುತ್ತಿದ್ದವು. "ಅಷ್ಟೊಂದು ಓದಿಯೂ ಎಷ್ಟು ಸರಳ ನೋಡಿ!" ಎಂದು ಮೊದಲ ಮಹಡಿಯ ಟೈಲರು ಗಿರಾಕಿಗಳ ಸೊಂಟ ಅಳೆಯುತ್ತಾ ಹೇಳುತ್ತಿದ್ದ. ಅದಕ್ಕೆ ಸರಿಯಾಗಿ, ಬಾಗಿಲಲ್ಲಿ ನಿಂತು ಮಾತಾಡುವ ವಕೀಲರಿಂದ ಒಂದು ವಾಕ್ಯ ಬೈಂಡರ ನಾಲಿಗೆಗೆ ಗೋಂದಿನಂತೆ ಅಂಟಿತ್ತು. "ಇದರಲ್ಲಿ ಒಂದು ಲಾ ಪಾಯಿಂಟ್ ಇದೆ." ನಲ್ಲಿಯಲ್ಲಿ ನೀರು ಬರದಿದ್ದರೂ, ಪಕ್ಕದ ಮನೆಯ ಬೆಕ್ಕು ಹಾಲು ಕುಡಿದರೂ ಅವರು ಇದನ್ನೇ ಹೇಳುತ್ತಿದ್ದರು. ಮುಂದೇನು ಹೇಳಬೇಕೆಂದು ಅವರಿಗೆ ಗೊತ್ತಿರಲಿಲ್ಲ, ಹಾಗಾಗಿ ಸುಮ್ಮನಾಗುತ್ತಿದ್ದರು. ಆ ಸುಮ್ಮನಿರುವಿಕೆಯೇ ಅವರ ಕೀರ್ತಿ. ಕಟ್ಟಡದವರೆಲ್ಲ ಅವರನ್ನು ಲಾ ಪಾಯಿಂಟ್ ಎಂದೇ ಕರೆಯುತ್ತಿದ್ದರು, ಅದೂ ಭಕ್ತಿಯಿಂದ.

ಮಾತು ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಮೂರು ವರ್ಷದ ಹಿಂದೆ ಬೈಂಡರು ಒಂದು ಸಣ್ಣ ಸುಳ್ಳು ಹೇಳಿದ್ದರು.

ಕಟ್ಟಡ ಕಟ್ಟಿಸಿದ ಅಮ್ಮನವರು ತೀರಿಕೊಂಡ ವರ್ಷ ಅದು. ಅವರಿದ್ದಾಗ ಬಾಡಿಗೆ ಕರಾರಿಗೆ ಒಂದೇ ಪ್ರತಿ, ಅದೂ ಅವರ ಪೆಟ್ಟಿಗೆಯಲ್ಲಿ. ಎರಡನೆಯ ಪ್ರತಿ ಕೇಳುವುದೆಂದರೆ ಅವರ ಮಾತನ್ನು ನಂಬಲಿಲ್ಲ ಎಂದಂತೆ, ಅಷ್ಟು ಧೈರ್ಯ ಯಾರಿಗಿತ್ತು? ಅವರು ಬೆರಳಿಟ್ಟು ತೋರಿಸಿದ ಕಡೆ ಎಲ್ಲರೂ ಸಹಿ ಹಾಕಿದ್ದರು. ಅಮ್ಮನವರ ಮಗ, ಅಂದರೆ ಈಗಿನ ಮಾಲೀಕ, ಆ ಹನ್ನೆರಡು ಕರಾರುಗಳನ್ನು ಬೈಂಡರ ಮುಂದಿಟ್ಟು, "ಅಮ್ಮನ ನೆನಪಿಗೆ ಒಂದು ಪುಸ್ತಕ ಮಾಡಿಕೊಡಿ. ನೋಡಿದವರು ಬೆರಗಾಗಬೇಕು" ಎಂದಿದ್ದ. ಅಂಗಡಿಯಲ್ಲಿ ಬೇರೆ ಬೇರೆ ವರ್ಷ ಕೊಂಡ ಛಾಪಿಸಿದ ಕರಾರುಗಳು, ಒಂದೊಂದು ಒಂದೊಂದು ಅಳತೆ. ಬೈಂಡರು ಚಿಕ್ಕ ಹಾಳೆಯ ಮಾಸಿದ ಅಂಚನ್ನೂ ಸವರಿ, ಎರಡನೆಯ ಸೂತ್ರದ ಪ್ರಕಾರ ಎಲ್ಲವನ್ನೂ ಅದರ ಅಳತೆಗೆ ತಂದು, ಕೆಂಪು ಚರ್ಮ ಹೊದಿಸಿ, ಚಿನ್ನದ ಗೆರೆ ಎಳೆದು, ಜೀವಮಾನದಲ್ಲೇ ಅಷ್ಟು ಅಂದದ್ದು ಮಾಡಿರಲಿಲ್ಲ ಎನ್ನುವಂಥ ಪುಸ್ತಕ ಮಾಡಿದರು.

ಮಾಲೀಕ ತೆರೆದು ನೋಡಿ ಕಣ್ಣರಳಿಸಿದ. ಪ್ರತಿ ಕರಾರಿನ ಮೊದಲ ಪುಟದ ಅಂಚಿನಲ್ಲಿ ಮೇಲಿಂದ ಕೆಳಗಿನ ತನಕ ಸಣ್ಣ ಸಣ್ಣ ಹಸಿರು ಚುಕ್ಕಿಗಳ ಸಾಲು.

"ಅಂಚಿಗೆ ಚುಕ್ಕಿ ಡಿಸೈನ್ ಬೇರೆ ಮಾಡಿದ್ದೀರಲ್ಲ! ಎಲ್ಲಿ ಕಲಿತ್ರಿ ಇದನ್ನ?"

ಬೈಂಡರು ಆ ಚುಕ್ಕಿಗಳನ್ನು ನೋಡಿದ್ದು ಅದೇ ಮೊದಲು. ಸತ್ಯವಂತನಾದವನು "ಗೊತ್ತಿಲ್ಲ" ಎನ್ನಬೇಕಿತ್ತು. ಆದರೆ ಹೊಗಳಿಕೆ ಮನೆಬಾಗಿಲಿಗೆ ಬಂದಾಗ ವಿಳಾಸ ತಪ್ಪಿದೆ ಎಂದು ವಾಪಸ್ ಕಳಿಸುವವರು ಎಷ್ಟು ಜನ? "ಸ್ವಲ್ಪ ಕೈಚಳಕ" ಎಂದುಬಿಟ್ಟರು.

ಇದಾಗಿ ಮೂರು ವರ್ಷಕ್ಕೆ, ಒಂದು ಬೆಳಿಗ್ಗೆ, ಮೂರನೆಯ ಮಹಡಿಯ ನರ್ಸಮ್ಮ ಆಸ್ಪತ್ರೆಗೆ ಹೊರಟು ಮೆಟ್ಟಿಲಿಳಿಯುತ್ತಿದ್ದಾಗ ಅವರ ಕೊಡೆಯ ಮೇಲೆ ತಟ್ಟೆಯಗಲದ ಗಾರೆಯ ಚಕ್ಕೆ ಬಿತ್ತು. ನರ್ಸಮ್ಮ ಕೂಗಲಿಲ್ಲ. ಮೂವತ್ತು ವರ್ಷ ಎಲುಬು ಮುರಿದವರನ್ನು ನೋಡಿದವರು, ಕೊಡೆಯನ್ನು ಪರೀಕ್ಷಿಸಿ, "ಎರಡು ಕಡ್ಡಿ ಫ್ರಾಕ್ಚರ್" ಎಂದಷ್ಟೇ ಹೇಳಿದರು.

ಮಾಲೀಕ ಗಾರೆ ಮೇಸ್ತ್ರಿಯನ್ನು ಕರೆತಂದ. ಮೇಸ್ತ್ರಿ ಮೆಟ್ಟಿಲ ಕೆಳಗಿನ ಕತ್ತಲೆಗೆ ನುಗ್ಗಿ ಸುತ್ತಿಗೆಯಿಂದ ನಾಲ್ಕು ಏಟು ಹಾಕಿದ. ಗಾರೆ ಕಳಚಿ ಬಿತ್ತು. ಟಾರ್ಚು ಹಾಕಿ ಎಲ್ಲರನ್ನೂ ಕರೆದ. ಹನ್ನೆರಡು ಮನೆಯವರೂ ಬಗ್ಗಿ ನೋಡಿದರು, ನೋಡಿದವರು ಬಗ್ಗಿದಂತೆಯೇ ನಿಂತರು.

ಅಲ್ಲಿ ಒಂದು ಕಂಬ, ಅದರ ಮೇಲೆ ಒಂದು ತೊಲೆ. ಕಂಬದ ಸಿಮೆಂಟು ಉದುರಿ ಒಳಗಿನ ಕಬ್ಬಿಣ ತುಕ್ಕು ಹಿಡಿದು ಪದರ ಪದರವಾಗಿ ಬಿಚ್ಚಿಕೊಂಡಿತ್ತು. ತೊಲೆಯಲ್ಲಿ ಕೈ ತೂರುವಷ್ಟು ಬಿರುಕು.

"ಇದೇ ನೋಡಿ," ಎಂದ ಮೇಸ್ತ್ರಿ, ತಗ್ಗಿದ ದನಿಯಲ್ಲಿ. "ನೀವೆಲ್ಲ ಇರೋದು ಇದರ ಮೇಲೆ."

ಹನ್ನೆರಡು ಒಲೆ, ಹನ್ನೆರಡು ಬೀರು, ನೀರಿನ ತೊಟ್ಟಿ, ಟೈಲರಿನ ನಾಲ್ಕು ಹೊಲಿಗೆ ಮಷಿನು, ಎಂಟು ಜನ ಹೊತ್ತು ಹತ್ತಿಸಿದ ಬೈಂಡರ ಕಬ್ಬಿಣದ ಕಟಿಂಗ್ ಮಷಿನು, ಅಲ್ಲಿ ಹುಟ್ಟಿದ ಮಕ್ಕಳು, ಆಡಿದ ಜಗಳ, ಎಲ್ಲವನ್ನೂ ಆ ಬಡಪಾಯಿ ಕಂಬ ನಲವತ್ತು ವರ್ಷ ಒಂದು ಮಾತೂ ಆಡದೆ ಹೊತ್ತಿತ್ತು. ದಿನಾ ಎರಡು ಗಂಟು ಪುಸ್ತಕ ಹೊತ್ತು ಅದರ ತಲೆಯ ಮೇಲೆ ಹತ್ತಿಳಿದಿದ್ದಕ್ಕೆ ಬೈಂಡರಿಗೆ ನಾಚಿಕೆಯಾಯಿತು.

"ಇಷ್ಟು ದಿನ ಹೇಗೆ ನಿಂತಿತ್ತು?" ಎಂದು ಟೈಲರು ಪಿಸುಗುಟ್ಟಿದ.

"ಅದೇ ನನಗೂ ಆಶ್ಚರ್ಯ," ಎಂದ ಮೇಸ್ತ್ರಿ. "ನಾನಾಗಿದ್ರೆ ಎಂದೋ ಕೂತುಬಿಡ್ತಿದ್ದೆ."

ತೊಲೆಗೆ ಜಾಕಿ ಕೊಟ್ಟು, ಕಂಬ ಒಡೆದು ಹೊಸದು ಎಬ್ಬಿಸಬೇಕು, ನಲವತ್ತು ದಿನದ ಕೆಲಸ ಎಂದು ಹೇಳಿ ಮೇಸ್ತ್ರಿ ಖರ್ಚನ್ನು ಮಾಲೀಕನ ಕಿವಿಯಲ್ಲಿ ಹೇಳಿದ. ಮಾಲೀಕನ ಮುಖ ಕಂಬಕ್ಕಿಂತ ಹೆಚ್ಚು ಬಿರುಕು ಬಿಟ್ಟಿತು. ಮರುದಿನ ಬಾಗಿಲ ಬಳಿ ನೋಟಿಸು ಅಂಟಿತ್ತು. ಕರಾರಿನ ಏಳನೆಯ ಕಲಮಿನಂತೆ 'ದುರಸ್ತಿಗಳು ಬಾಡಿಗೆದಾರರ ಹೊಣೆ.' ಆದ್ದರಿಂದ ಪ್ರತಿ ಮನೆಯವರೂ ಎಂಟು ತಿಂಗಳ ಬಾಡಿಗೆಯಷ್ಟನ್ನು ಒಂದು ತಿಂಗಳೊಳಗೆ ಕೊಡಬೇಕು, ಇಲ್ಲವೇ ಮನೆ ಖಾಲಿ ಮಾಡಬೇಕು.

ಕಟ್ಟಡದವರೆಲ್ಲ ಮೆಟ್ಟಿಲ ಬಳಿ ಸೇರಿದರು, ಆದರೆ ಮೆಟ್ಟಿಲ ಮೇಲೆ ಯಾರೂ ಕಾಲಿಡಲಿಲ್ಲ.

"ಬಲ್ಬು ಹೋದ್ರೆ ಹಾಕಿಕೊಳ್ತೀವಿ, ಸರಿ. ಕಂಬಕ್ಕೂ ನಾವೇ ಕೊಡಬೇಕಾ?" ಎಂದು ಟೈಲರು ಕೇಳಿದ. "ಬಾಡಿಗೆಗೆ ಅಂಗಿ ಕೊಟ್ಟು, ಹತ್ತಿ ಬೆಳೆಯೋ ಖರ್ಚೂ ಕೊಡಿ ಅಂದ ಹಾಗಾಯ್ತಲ್ಲ!"

"ಎಂಟು ತಿಂಗಳಿಂದು ಎಲ್ಲಿಂದ ತರೋದು?" ಎಂದರು ನರ್ಸಮ್ಮ. "ಖಾಲಿ ಮಾಡಿ ಅಂದ್ರೆ ಈ ವಯಸ್ಸಲ್ಲಿ ಎಲ್ಲಿಗೆ ಹೋಗೋದು?"

ಅದೇ ಹೊತ್ತಿಗೆ ಬೈಂಡರು ಎರಡು ಗಂಟು ಕಾನೂನು ಹೊತ್ತು ಒಳಗೆ ಬಂದರು. ಎಲ್ಲರ ಕಣ್ಣೂ ಅವರ ಮೇಲೆ ಬಿತ್ತು. ನೋಟಿಸು ತೋರಿಸಿದರು. ಬೈಂಡರಿಗೆ ಮೊದಲು ಹೊಳೆದದ್ದು ಕಟಿಂಗ್ ಮಷಿನು. ಅದನ್ನು ಹೊತ್ತು ಹತ್ತಿಸಿದ ಎಂಟು ಜನರಲ್ಲಿ ಮೂವರು ತೀರಿಕೊಂಡಿದ್ದರು, ಉಳಿದವರಿಗೆ ಸೊಂಟ ನೋವು. ಈ ಮನೆ ಬಿಟ್ಟರೆ ಮಷಿನಿಲ್ಲ, ಮಷಿನಿಲ್ಲದಿದ್ದರೆ ಅನ್ನವಿಲ್ಲ. ಬೇರೆ ಮಾತು ಹೊಳೆಯದೆ, ಅಭ್ಯಾಸವಾಗಿದ್ದ ವಾಕ್ಯ ತಾನಾಗಿ ಹೊರಬಿತ್ತು.

"ಇದರಲ್ಲಿ ಒಂದು ಲಾ ಪಾಯಿಂಟ್ ಇದೆ."

ಹನ್ನೆರಡು ಸಂಸಾರಗಳ ಮೇಲಿಂದ ಒಂದು ಭಾರ ಇಳಿದ ಸದ್ದು ಕೇಳಿಸಿತು.

"ಏನು ಪಾಯಿಂಟು?" ಎಂದು ಯಾರೋ ಕೇಳಿದರು.

"ಮೆಟ್ಟಿಲ ಹತ್ರ ಹೇಳೋ ಮಾತಾ ಅದು?" ಎಂದು ನರ್ಸಮ್ಮ ಗದರಿದರು. "ಗೋಡೆಗೂ ಕಿವಿ ಇರುತ್ತೆ."

"ಈ ಗೋಡೆಗೆ ಬಾಯೂ ಇದೆ," ಎಂದ ಟೈಲರು ಬಿರುಕು ನೋಡುತ್ತಾ.

ಅಂದಿನಿಂದ ಬೈಂಡರು ಕಟ್ಟಡದ ಸೊತ್ತಾದರು. ಅವರ ಪುಸ್ತಕದ ಗಂಟನ್ನು ಎರಡನೆಯ ಮಹಡಿಗೆ ಹೊರಲು ಜನ ಪೈಪೋಟಿಗೆ ನಿಂತರು. ನರ್ಸಮ್ಮ ಬೆಳಿಗ್ಗೆ ಸಂಜೆ ಬಂದು ಬಿ.ಪಿ. ನೋಡಿ, "ಈ ತಲೆಗೆ ಏನೂ ಆಗಬಾರದು" ಎಂದು ಹೋಗುತ್ತಿದ್ದರು. ಟೈಲರು ಕರೆಯದೆ ಬಂದು ಅಳತೆ ತೆಗೆದುಕೊಂಡು, ಯಾವನೋ ವರ ಬಿಟ್ಟುಹೋಗಿದ್ದ ಬಟ್ಟೆಯಲ್ಲಿ ಒಂದು ಕಪ್ಪು ಕೋಟು ಹೊಲಿದ. ತಮ್ಮ ಹಣೆಬರಹವೆಲ್ಲ ಅವರ ಕೈಯಲ್ಲಿದೆ ಎಂದು ತಿಳಿದವರು ಅವರೆದುರು ಕೆಮ್ಮಲೂ ಹೆದರುತ್ತಿದ್ದರು.

ಬೈಂಡರಿಗೆ ತಡೆಯಲಾಗಲಿಲ್ಲ. ಕೋಟು ತೊಡಿಸಿ ನೋಡಲು ಬಂದ ಟೈಲರಿಗೆ ಹೇಳಿಯೇಬಿಟ್ಟರು. "ನೋಡಪ್ಪಾ, ನನಗೆ ಕಾನೂನು ಏನೂ ಗೊತ್ತಿಲ್ಲ."

ಟೈಲರು ಗುಂಡಿಸೂಜಿಯನ್ನು ಬಾಯಿಂದ ತೆಗೆದು ಎರಡೂ ಕೈ ಜೋಡಿಸಿದ. "ತುಂಬಿದ ಕೊಡ ತುಳುಕೋದಿಲ್ಲ ಅಂತಾರಲ್ಲ, ಅದು ಸುಳ್ಳಲ್ಲ ಸಾರ್."

"ಅಯ್ಯೋ, ನಿಜವಾಗಿಯೂ ಗೊತ್ತಿಲ್ಲವೋ ಮಾರಾಯಾ!"

"ಅರ್ಥ ಆಯ್ತು ಸಾರ್. ಓನರ್ ಕಡೆಯವರು ಕೇಳಿದ್ರೆ ನಾನೂ ಇದನ್ನೇ ಹೇಳ್ತೀನಿ. ಲಾ ಪಾಯಿಂಟ್‌ಗೆ ಏನೂ ಗೊತ್ತಿಲ್ಲ." ಟೈಲರು ಕಣ್ಣು ಮಿಟುಕಿಸಿದ. ಆ ಕಣ್ಣಿನ ಅರ್ಥ ಸಂಜೆಯೊಳಗೆ ಹನ್ನೆರಡೂ ಮನೆ ಮುಟ್ಟಿತು.

ಮಾಲೀಕನ ಮನೆಯನ್ನೂ ಮುಟ್ಟಿತು. ಎರಡನೆಯ ದಿನವೇ ಅವನು ಬೈಂಡರ ಬಾಗಿಲಲ್ಲಿದ್ದ. ಬೈಂಡರು ಆಗ ಒಂದು ದಪ್ಪ ಪುಸ್ತಕಕ್ಕೆ ಹೊಲಿಗೆ ಹಾಕುತ್ತಿದ್ದರು. ಎರಡು ಕೈಯಲ್ಲಿ ಹಾಳೆ, ಹಲ್ಲುಗಳ ನಡುವೆ ಮೇಣದ ದಾರ. ಬಾಯಿ ಬಿಟ್ಟರೆ ಮುನ್ನೂರು ಪುಟ ಚೆಲ್ಲಾಪಿಲ್ಲಿ. ಮಾಲೀಕ ಕೋಣೆಯ ನಾಲ್ಕೂ ಗೋಡೆಗೆ ಸೂರು ಮುಟ್ಟುವಂತೆ ಪೇರಿಸಿದ ಕಾನೂನು ಪುಸ್ತಕಗಳನ್ನು ನೋಡಿ ಹೊಸ್ತಿಲಲ್ಲೇ ನಿಂತ.

"ನಿಮ್ಮ ಹತ್ರ ಪಾಯಿಂಟ್ ಇದೆಯಂತೆ."

ಬೈಂಡರು ದಾರ ಕಚ್ಚಿಕೊಂಡೇ ಅವನನ್ನು ನೋಡಿದರು.

"ನಾನೇನು ರಾಕ್ಷಸನಲ್ಲ. ಎಂಟು ತಿಂಗಳಿಂದು ಜಾಸ್ತಿಯಾದ್ರೆ ಏಳು ಮಾಡೋಣ."

ಬೈಂಡರು ಸೂಜಿ ಎಳೆದರು.

"ಸರಿ, ಆರು. ಇದಕ್ಕಿಂತ ಕಮ್ಮಿ ಆಗೋದಿಲ್ಲ."

ಸೂಜಿ ಮತ್ತೆ ಒಳಗೆ ಹೋಯಿತು.

"ಐದು! ನನಗೂ ಹೆಂಡತಿ ಮಕ್ಕಳಿದ್ದಾರೆ. ನೀವು ಹೀಗೆ ಸುಮ್ಮನಿದ್ರೆ ಹೇಗೆ? ಸುಮ್ಮನಿರೋರನ್ನ ಕಂಡ್ರೆ ನನಗೆ ಚಿಕ್ಕಂದಿನಿಂದ ಭಯ. ಅಮ್ಮನೂ ಹೀಗೇ ಸುಮ್ಮನಿರ್ತಿದ್ರು. ನಾಲ್ಕೂವರೆ!"

ಇನ್ನೆರಡು ಹೊಲಿಗೆ ತಾಳಿಕೊಂಡಿದ್ದರೆ ಮಾಲೀಕ ತಾನೇ ಎಲ್ಲರಿಗೂ ಹಣ ಕೊಟ್ಟು ಹೋಗುತ್ತಿದ್ದನೋ ಏನೋ. ಆದರೆ ಕೊನೆಯ ಗಂಟು ಹಾಕಿದ ಬೈಂಡರು ದಾರ ಕಡಿಯಲು ತಲೆಯನ್ನು ಪಕ್ಕಕ್ಕೆ ಎಳೆದರು. ಅದು ಇಲ್ಲವೆಂದು ತಲೆಯಾಡಿಸಿದಂತೆ ಕಂಡಿತು. ಮಾಲೀಕನಿಗೆ ಮೂಗಿನ ತುದಿಗೆ ಕೋಪ ಬಂತು.

"ಹಾಗಾದ್ರೆ ಬಾಡಿಗೆ ಕಚೇರಿಯಲ್ಲೇ ತೀರ್ಮಾನ ಆಗ್ಲಿ. ಸೋಮವಾರ ಬನ್ನಿ. ಕರಾರು ನನ್ನ ಹತ್ರ ಇದೆ. ನೀವೇ ಕಟ್ಟಿಕೊಟ್ಟ ಪುಸ್ತಕ!" ಎಂದು ದಡದಡ ಇಳಿದವನು, ಮೆಟ್ಟಿಲ ಕೆಳಗಿನ ಕಂಬ ನೆನಪಾಗಿ ಕೊನೆಯ ಹತ್ತು ಮೆಟ್ಟಿಲನ್ನು ತುದಿಗಾಲಲ್ಲಿ ಇಳಿದ.

ಒಳಗಿನಿಂದ ಹೆಂಡತಿ ಬಂದರು. ಅವರಿಗೆ ಗಂಡನ ಪಾಂಡಿತ್ಯದ ಆಳ ಮದುವೆಯಾದ ವಾರಕ್ಕೇ ಗೊತ್ತಾಗಿತ್ತು.

"ರೀ, ಆ ಕರಾರಲ್ಲಿ ಏನಿತ್ತು?"

"ತೊಂಬತ್ತಾರು ಹಾಳೆ. ನಾಲ್ಕು ಅಳತೆ. ಎರಡರಲ್ಲಿ ಗೆದ್ದಲು ಮುಟ್ಟಿತ್ತು."

"ಏನು ಬರೆದಿತ್ತು ಅಂತ ಕೇಳ್ದೆ."

"ಅದು ಹೇಗೆ ಗೊತ್ತಿರುತ್ತೆ? ಕತ್ತರಿಸುವಾಗ ಓದ್ತಾರೇನೇ? ನಿಮ್ಮಪ್ಪನ ಬೆರಳು ಮರೆತೆಯಾ?"

ಹೆಂಡತಿ ನೆಲದ ಮೇಲಿನ ದಾರದ ತುಂಡು ಹೆಕ್ಕಿದರು. "ನಾವು ಮನೆಗೆ ಬಂದ ದಿನ ಅಮ್ಮನವರು ಕರಾರನ್ನ ಅಡ್ಡ ತಿರುಗಿಸಿಕೊಂಡು ಅಂಚಲ್ಲಿ ಏನೋ ಬರೀತಿದ್ರು. ಇರುವೆ ಸಾಲಿನಂಥ ಅಕ್ಷರ. ನೀವು ಸಹಿ ಹಾಕಿ ಕಿಟಕಿ ನೋಡ್ತಾ ಕೂತಿದ್ರಿ. ನನಗೆ ಚೆನ್ನಾಗಿ ನೆನಪಿದೆ, ಹಸಿರು ಶಾಯಿ."

ಬೈಂಡರು ಸೂಜಿ ಕೆಳಗಿಟ್ಟರು. ಹಸಿರು ಚುಕ್ಕಿ. ಕೈಚಳಕ. ಅವು ಚುಕ್ಕಿಗಳಲ್ಲ, ಅಮ್ಮನವರ ಅಕ್ಷರಗಳ ಕಾಲುಗಳು. ತಲೆ ಮೈ ಎಲ್ಲವನ್ನೂ ತಾವೇ ನೇರವಾಗಿ, ಒಂದು ಕೂದಲೂ ಆಚೀಚೆಯಾಗದಂತೆ, ಕಸುಬಿನ ಹೆಮ್ಮೆಯಿಂದ ಕತ್ತರಿಸಿ ಹಾಕಿದ್ದರು. ಅದು ನಮ್ಮ ಪರವೋ ವಿರುದ್ಧವೋ ಎಂದು ಕೇಳಲೂ ಅವರಿಗೆ ಧೈರ್ಯ ಬರಲಿಲ್ಲ. ಸೋಮವಾರದ ತನಕ ಒಂದು ಗಂಟು ಪುಸ್ತಕಕ್ಕೂ ಕೈ ಹಚ್ಚಲಿಲ್ಲ. ಇದನ್ನು ಕಂಡು ಕಟ್ಟಡದವರು, "ತಯಾರಿ ಜೋರಾಗಿದೆ, ಕೆಲಸವನ್ನೂ ನಿಲ್ಲಿಸಿದ್ದಾರೆ" ಎಂದು ತಲೆದೂಗಿದರು.

ಬಾಡಿಗೆ ಕಚೇರಿಯೆಂದರೆ ಒಂದು ಉದ್ದನೆಯ ಕೋಣೆ, ಬಣ್ಣ ಹೋದ ಕಪಾಟುಗಳು, ಮಧ್ಯೆ ಒಂದು ಮೇಜು. ಮೇಜಿನ ಹಿಂದೆ ಅಧಿಕಾರಿ, ಪಕ್ಕದಲ್ಲಿ ಚಹಾ ಕಾಯಿಸುವ ಕರೆಂಟು ಕೆಟಲು. ಮಾಲೀಕ ಕೆಂಪು ಪುಸ್ತಕವನ್ನು ಮೇಜಿನ ಮೇಲಿಟ್ಟ. ಅಧಿಕಾರಿ ಅದನ್ನು ನೋಡಿ ಕೈ ಒರೆಸಿಕೊಂಡರು. ಆ ಕಚೇರಿಗೆ ಅಷ್ಟು ಚೆಂದದ ವಸ್ತು ಹಿಂದೆಂದೂ ಬಂದಿರಲಿಲ್ಲ.

"ಏಳನೇ ಕಲಂ. ದುರಸ್ತಿಗಳು ಬಾಡಿಗೆದಾರರ ಹೊಣೆ," ಎಂದು ಓದಿದರು. "ಕಂಬ ತೊಲೆ ಸಾಮಾನ್ಯವಾಗಿ ಮಾಲೀಕರ ತಲೆಬಿಸಿ. ಆದ್ರೆ ಕರಾರಲ್ಲಿ ಹೀಗೆ ಬರೆದುಕೊಟ್ಟು ಸಹಿ ಹಾಕಿದ ಮೇಲೆ ನಾನೇನು ಮಾಡಲಿ? ನಿಮ್ಮ ಪರ ಮಾತಾಡೋರು ಯಾರು?"

ಇಪ್ಪತ್ತಮೂರು ಬೆರಳುಗಳು ಒಟ್ಟಿಗೆ ಬೈಂಡರತ್ತ ಚಾಚಿದವು. ಟೈಲರು ಎರಡು ಕೈಯಲ್ಲೂ ತೋರಿಸಿದ್ದ. ಕಪ್ಪು ಕೋಟಿನಲ್ಲಿ ಬೈಂಡರು ಎದ್ದರು. ಸಾವಿರಾರು ಕಾನೂನು ಪುಸ್ತಕಗಳನ್ನು ಎದೆಗವಚಿಕೊಂಡಿದ್ದ ಆ ಎದೆಯಲ್ಲಿ ಒಂದು ಸಾಲೂ ಇರಲಿಲ್ಲ. ಇದ್ದದ್ದು ಸತ್ಯವೊಂದೇ, ಅದನ್ನೇ ಹೇಳಿದರು.

"ಸ್ವಾಮಿ, ನಾನು ವಕೀಲ ಅಲ್ಲ. ಪುಸ್ತಕ ಕಟ್ಟೋನು. ಇದನ್ನೂ ನಾನೇ ಕಟ್ಟಿದ್ದು. ಅಂಚಲ್ಲಿರೋ ಹಸಿರು ಚುಕ್ಕಿ ನನ್ನ ಕೈಚಳಕ ಅಂತ ಸುಳ್ಳು ಹೇಳಿದ್ದೆ. ಅಮ್ಮನವರು ಅಲ್ಲಿ ಏನೋ ಬರೆದಿದ್ರು. ನಾನು ಓದದೆ ಕತ್ತರಿಸಿಬಿಟ್ಟೆ."

ಅಧಿಕಾರಿ ಕನ್ನಡಕ ಹಾಕಿ ಅಂಚು ನೋಡಿದರು, ಮಾಲೀಕನೂ ಬಗ್ಗಿ ನೋಡಿದ.

"ಕತ್ತರಿಸಿದ ಪಟ್ಟಿಗಳು ಏನಾದವು?"

"ಗೊತ್ತಿಲ್ಲ ಸ್ವಾಮಿ. ಮೂರು ವರ್ಷ ಆಯ್ತು," ಎಂದು ಬೈಂಡರು ಅಳುಮುಖ ಮಾಡಿಕೊಂಡು ಪುಸ್ತಕವನ್ನು ಕೈಗೆತ್ತಿಕೊಂಡರು. ಪುಸ್ತಕ ಕೈಗೆ ಬಂದರೆ ಹೆಬ್ಬೆರಳು ಅದರ ಬೆನ್ನು ಒತ್ತಿ ನೋಡುವುದು ಅವರ ಅಭ್ಯಾಸ. ಒತ್ತಿದರು. ಬೆನ್ನು ಗಟ್ಟಿಯಾಗಿತ್ತು. ಯಾಕೆ ಅಷ್ಟು ಗಟ್ಟಿ ಎಂದು ಹೆಬ್ಬೆರಳಿಗೆ ಮೊದಲು ಗೊತ್ತಾಯಿತು, ತಲೆಗೆ ಆಮೇಲೆ. ಮಾವನ ಮೂರನೆಯ ಸೂತ್ರ.

"ಇಲ್ಲೇ ಇದೆ," ಎಂದರು ಬೈಂಡರು. "ಇದರ ಬೆನ್ನೊಳಗಿದೆ."

"ಮುಟ್ಟಬೇಡಿ!" ಎಂದು ಮಾಲೀಕ ಎದ್ದ. "ಅಮ್ಮನ ನೆನಪು ಅದು!"

ಹೆಂಡತಿ ಹಿಂದಿನಿಂದ ಕೋಟು ಜಗ್ಗಿದರು. "ರೀ, ಬರೆದಿರೋದು ನಮ್ಮ ವಿರುದ್ಧವೇ ಇದ್ರೆ?"

ಬೈಂಡರು ಒಂದು ಗಳಿಗೆ ಸುಮ್ಮನಿದ್ದರು. ಈ ಸಲದ ಮೌನ ಮಾತ್ರ ನಿಜವಾದದ್ದು. "ಇದ್ರೆ ಇರಲಿ ಕಣೇ. ಕತ್ತರಿಸಿದ್ದು ನಾನು. ವಾಪಸ್ ಕೊಡಬೇಕಾದೋನೂ ನಾನೇ."

ಅಧಿಕಾರಿ ಮಾಲೀಕನನ್ನು ಕೂರಿಸಿ, ತೆಗೆಯಿರಿ ಎಂದು ಸನ್ನೆ ಮಾಡಿದರು. ಬೈಂಡರು ಕೋಟು ಬಿಚ್ಚಿಟ್ಟು, ಜೇಬಿನಿಂದ ಸಣ್ಣ ಚಾಕು ತೆಗೆದು, ತಾವೇ ಎಳೆದ ಚಿನ್ನದ ಗೆರೆಯ ಗುಂಟ ಕೆಂಪು ಚರ್ಮವನ್ನು ಸೀಳಿದರು. ಜೀವಮಾನದ ಶ್ರೇಷ್ಠ ಕೆಲಸ ಸದ್ದಿಲ್ಲದೆ ಬಾಯಿಬಿಟ್ಟಿತು. "ಕೆಟಲು ಕೊಡಿ. ನೀರು ತಾಗಿದ್ರೆ ಶಾಯಿ ಹರಡುತ್ತೆ, ಹಬೆ ಸಾಕು" ಎಂದರು. ಅಧಿಕಾರಿಗಳು ಚಹಾ ಬಿಟ್ಟುಕೊಟ್ಟರು. ಆ ಕಚೇರಿಯಲ್ಲಿ ಅದಕ್ಕಿಂತ ದೊಡ್ಡ ತ್ಯಾಗವಿರಲಿಲ್ಲ.

ಹಬೆ ಬೆನ್ನಿಗೆ ತಾಗಿತು. ಗೋಂದು ಮೆತ್ತಗಾಯಿತು. ಬೈಂಡರು ಉಗುರಿನಿಂದ ಪಟ್ಟಿಯ ತುದಿ ಹುಡುಕಿದರು. ಒಂದು ಪಟ್ಟಿ ಎದ್ದು ಬಂತು. ಅದರ ಮೇಲೆ ಇರುವೆ ಸಾಲಿನಂಥ ಹಸಿರು ಅಕ್ಷರ. ಜನ ಮೇಜಿನ ಸುತ್ತ ಒತ್ತಿ ನಿಂತರು. ನರ್ಸಮ್ಮನಿಗೆ ಹೆರಿಗೆ ಕೋಣೆಯ ನೆನಪಾಯಿತಂತೆ, ಆಮೇಲೆ ಹೇಳಿದರು.

ಅಧಿಕಾರಿ ಪಟ್ಟಿಯನ್ನು ಪುಟದ ಅಂಚಿಗೆ ಹಿಡಿದು ಸರಿಸಿದರು. ಎರಡು ಪುಟಕ್ಕೆ ಹೊಂದಲಿಲ್ಲ. ಮೂರನೆಯದಕ್ಕೆ ಪ್ರತಿ ಚುಕ್ಕಿಯೂ ತನ್ನ ಅಕ್ಷರವನ್ನು ಹೋಗಿ ಸೇರಿತು. ಅದು ಟೈಲರಿನ ಕರಾರು, ಅಂಚಿನಲ್ಲಿ ಏಳನೆಯ ಕಲಮಿಗೆ ಗುರುತು. ಅಧಿಕಾರಿ ನಿಧಾನವಾಗಿ ಓದಿದರು.

"'ದುರಸ್ತಿ ಅಂದರೆ ನಲ್ಲಿ, ಬಲ್ಬು, ಬೀಗ, ಕಿಟಕಿಯ ಗಾಜು. ಅಡಿಪಾಯ, ಕಂಬ, ತೊಲೆ, ಮೆಟ್ಟಿಲು, ಛಾವಣಿ ನನ್ನವು. ಕಟ್ಟಿಸಿದವಳು ನಾನು, ನಿಲ್ಲಿಸಬೇಕಾದವಳೂ ನಾನೇ. ನನ್ನ ನಂತರ ನನ್ನ ಮಗ. ಇವರ ಹೊಲಿಗೆ ಮಷಿನಿನ ಸದ್ದಿಗೆ ಯಾರೂ ತಕರಾರು ಮಾಡಬಾರದು. ಅದು ಕೇಳಿದರೆ ನನಗೆ ನಿದ್ದೆ ಬರುತ್ತದೆ.'"

ಎರಡನೆಯ ಪಟ್ಟಿ, ಮೂರನೆಯದು, ನಾಲ್ಕನೆಯದು. ಎಲ್ಲದರಲ್ಲೂ ನಲ್ಲಿ ಬಲ್ಬು ಬೀಗ, ಅಡಿಪಾಯ ಕಂಬ ತೊಲೆ. ಎಲ್ಲದರ ಕೊನೆ ಬೇರೆ ಬೇರೆ. 'ಈಕೆ ಪಾಳಿ ಮುಗಿಸಿ ಎಷ್ಟು ಹೊತ್ತಿಗೆ ಬಂದರೂ ಗೇಟು ತೆಗೆಯಬೇಕು' ಎಂದು ನರ್ಸಮ್ಮನ ಪಟ್ಟಿಯಲ್ಲಿತ್ತು. ಇಪ್ಪತ್ತು ವರ್ಷ ಆ ಗೇಟು ಹೇಗೆ ತೆರೆದಿರುತ್ತಿತ್ತೆಂದು ನರ್ಸಮ್ಮ ಒಮ್ಮೆಯೂ ಯೋಚಿಸಿರಲಿಲ್ಲ. ಅವರು ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇದು ನಿಮ್ಮ ತಾಯಿಯವರ ಅಕ್ಷರವೇ?" ಎಂದು ಅಧಿಕಾರಿ ಕೇಳಿದರು.

ಇಲ್ಲವೆಂದಿದ್ದರೆ ಅಷ್ಟೂ ಖರ್ಚು ಉಳಿಯುತ್ತಿತ್ತು. ಮಾಲೀಕ ಪಟ್ಟಿಯನ್ನು ಬೆಳಕಿಗೆ ಹಿಡಿದ. ಹಿಡಿದೇ ಇದ್ದ. "ಶಾಲೆಗೆ ನನ್ನ ರಜಾಚೀಟಿ ಇದೇ ಶಾಯೀಲಿ ಬರೀತಿದ್ರು" ಎಂದ. "ಅವರದೇ. ಕಂಬ ನಾನೇ ಕಟ್ಟಿಸ್ತೀನಿ. ಬರ್ಕೊಳ್ಳಿ."

ಅಧಿಕಾರಿ ಬರೆದುಕೊಂಡರು. ಹಿಂದಿನ ಸಾಲಿನಲ್ಲಿ ಟೈಲರು ಪಕ್ಕದವರ ಕಿವಿಯಲ್ಲಿ ಹೇಳುತ್ತಿದ್ದುದು ಕೋಣೆಗೆಲ್ಲ ಕೇಳಿಸಿತು. "ನೋಡಿದ್ರಾ? ಮೂರು ವರ್ಷದ ಹಿಂದೆಯೇ ಗೊತ್ತಿತ್ತು! ಸಾಕ್ಷಿಯನ್ನ ಓನರ್ ಪುಸ್ತಕದ ಬೆನ್ನೊಳಗೇ ಬಚ್ಚಿಟ್ಟು, ಓನರ್ ಮನೆಯಲ್ಲೇ ಕಾಪಾಡಿಸಿದ್ರು! ಮೇಲೆ ಏನೂ ಗೊತ್ತಿಲ್ಲ ಅಂತ ನನ್ನ ಮುಂದೇ ಹೇಳಿದ್ರು!"

ಜನರೆಲ್ಲ ಬೈಂಡರತ್ತ ತಿರುಗಿದರು. ಅಧಿಕಾರಿಯೂ ಪೆನ್ನು ಕೆಳಗಿಟ್ಟು ಅರೆಎದ್ದರು. ಆದರೆ ಬೈಂಡರು ಯಾರನ್ನೂ ನೋಡುತ್ತಿರಲಿಲ್ಲ. ಹನ್ನೆರಡನೆಯ ಪಟ್ಟಿ ಅವರ ಕೈಯಲ್ಲಿತ್ತು. ತಮ್ಮದೇ ಕರಾರಿನದು. ಅಂಗೈಮೇಲೆ ಇಟ್ಟುಕೊಂಡು, ತುಟಿ ಅಲುಗಿಸುತ್ತಾ, ಬೈಂಡರು ಕಸುಬಿಗೆ ಸೇರಿದ ಮೇಲೆ ಮೊದಲ ಬಾರಿಗೆ ಓದಿದರು. ಕಂಬ ತೊಲೆಗಳಾದ ಮೇಲೆ ಕೊನೆಯಲ್ಲಿ ಹೀಗಿತ್ತು:

'ಇವರು ಓದದೆ ಸಹಿ ಹಾಕಿದರು. ಇವರ ಪರವಾಗಿ ನಾನೇ ಎರಡು ಸಲ ಓದಿದ್ದೇನೆ. ಮಗನೇ, ಇಂಥವರಿಗೆ ಮೋಸವಾಗದಂತೆ ನೋಡಿಕೋ.'

ಬೈಂಡರು ಕುರ್ಚಿಯ ಮೇಲೆ ಕೂತರು. ತಮ್ಮನ್ನು ಇಷ್ಟು ಸರಿಯಾಗಿ ಓದಿದವರು ಇನ್ನೊಬ್ಬರಿಲ್ಲ ಎಂದು ಹೆಂಡತಿಗೆ ಹೇಳುವ ಬದಲು ಪಟ್ಟಿಯನ್ನು ಅವರ ಕೈಗೆ ಕೊಟ್ಟರು.

ನಲವತ್ತು ದಿನದ ಕೆಲಸ ಎಪ್ಪತ್ತು ದಿನ ನಡೆಯಿತು. ಹೊಸ ಕಂಬ ನಿಂತ ದಿನ ಹನ್ನೆರಡು ಮನೆಯವರೂ ಇಳಿದು ಬಂದು ಒಬ್ಬೊಬ್ಬರಾಗಿ ಅದನ್ನು ಮುಟ್ಟಿ ನೋಡಿ, ಮೆಲ್ಲಗೆ ಮೆಟ್ಟಿಲು ಹತ್ತಿದರು. ಮಾಲೀಕ ಸೀಳಿದ ಪುಸ್ತಕವನ್ನೂ ಹನ್ನೆರಡು ಪಟ್ಟಿಗಳನ್ನೂ ತಂದು ಬೈಂಡರ ಮುಂದಿಟ್ಟ. "ಪಟ್ಟಿಗಳನ್ನ ಅದರದರ ಜಾಗಕ್ಕೆ ಸೇರಿಸಿ ಕಟ್ಟಿಕೊಡಿ. ಅಂಚು ಮಾತ್ರ ಮುಟ್ಟಬೇಡಿ." ಬೈಂಡರು ಕಟ್ಟಿದರು. ನಾಲ್ಕು ಅಳತೆಯ ಹಾಳೆಗಳು ಏರುಪೇರಾಗಿ ಹೊರಚಾಚಿಕೊಂಡ ಆ ಪುಸ್ತಕವನ್ನು ಮಾವ ನೋಡಿದ್ದರೆ ಉಳಿದ ಬೆರಳುಗಳನ್ನೂ ಕಚ್ಚಿಕೊಳ್ಳುತ್ತಿದ್ದರು.

ಅದರ ಮರುವಾರ ನರ್ಸಮ್ಮ ಮೆಟ್ಟಿಲಿಳಿಯುವಾಗ ಬೈಂಡರು ಎದುರಾದರು. ಎಡಗೈಯ ತೋರುಬೆರಳಿಗೆ ಬಟ್ಟೆಯ ತುಂಡು ಸುತ್ತಿತ್ತು, ರಕ್ತ ಒಸರುತ್ತಿತ್ತು.

"ಅಯ್ಯೋ, ಏನಾಯ್ತು ಲಾ ಪಾಯಿಂಟ್?"

ಬೈಂಡರು ಆ ಬೆರಳನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದರು. ಅಂಥ ಹೆಮ್ಮೆಯನ್ನು ಆ ಮುಖದಲ್ಲಿ ಯಾರೂ ಕಂಡಿರಲಿಲ್ಲ.

"ಓದ್ತಾ ಇದ್ದೆ ನರ್ಸಮ್ಮ," ಎಂದರು.